ಕ್ಯಾಬಿನೆಟ್ ಫ್ಯಾನ್ ಯಾವ ದಿಕ್ಕಿಗೆ? ಬಿಸಿಲು, ಧೂಳಿನ ಊರುಗಳಿಗೆ ಒಂದು ಕೈಪಿಡಿ

ಬೇಸಿಗೆ ಬಂತೆಂದರೆ ಕ್ಯಾಬಿನೆಟ್ಟಿನ ಬದಿಯ ಪತ್ರಾ ಬಿಚ್ಚಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಹಚ್ಚಿಡುವುದು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಅಂಗಡಿ, ಡಿಟಿಪಿ ಸೆಂಟರ್, ಮನೆಗಳಲ್ಲಿ ಕಾಣುವ ಉಪಾಯ. ಮೊದಲ ವಾರ ಉಷ್ಣತೆ ಇಳಿಯುತ್ತದೆ, ನಿಜ. ಆದರೆ ಟೇಬಲ್ ಫ್ಯಾನ್ ಕೋಣೆಯ ಧೂಳನ್ನೆಲ್ಲ ಬಾಚಿ ನೇರ ಮದರ್‌ಬೋರ್ಡಿನ ಮೇಲೆ ಚೆಲ್ಲುತ್ತದೆ. ಒಂದೆರಡು ತಿಂಗಳಲ್ಲಿ ಬಿಸಿ ಹೀರಿ ಚದುರಿಸುವ ಲೋಹದ ರೆಕ್ಕೆಗಳ, ಅಂದರೆ ಹೀಟ್‌ಸಿಂಕಿನ ಸಂದುಗಳು ಮುಚ್ಚಿಹೋಗಿ, ಪತ್ರಾ ಹಾಕಿದ್ದಾಗ ಇದ್ದದ್ದಕ್ಕಿಂತ ಹೆಚ್ಚು ಬಿಸಿ ಶುರುವಾಗುತ್ತದೆ.

ಆದ್ದರಿಂದ ನಮ್ಮ ಊರುಗಳಲ್ಲಿ ಫ್ಯಾನ್ ದಿಕ್ಕನ್ನು ಬಿಸಿಯೊಂದನ್ನೇ ನೋಡಿ ತೀರ್ಮಾನಿಸಬಾರದು, ಧೂಳನ್ನೂ ನೋಡಬೇಕು. ಗಾಳಿ ಒಳಗೆ ಬರುವ ಬಾಗಿಲು ಯಾವುದೆಂದು ನಾವೇ ಗೊತ್ತುಮಾಡಬೇಕು, ಆ ಬಾಗಿಲಿಗೆ ಜಾಳಿಗೆ ಇರಬೇಕು, ಉಳಿದ ಸಂದುಗಳೆಲ್ಲ ಗಾಳಿ ಹೊರಗೆ ಹೋಗುವುದಕ್ಕಷ್ಟೇ ಇರಬೇಕು. ಮುಂದೆ ಹೇಳುವ ಎಲ್ಲ ಕೆಲಸವೂ ಇದಕ್ಕಾಗಿಯೇ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ನಮ್ಮಲ್ಲಿ ಇಡೀ ಪೆಟ್ಟಿಗೆಗೇ ಸಿಪಿಯು ಅನ್ನುವುದು ರೂಢಿ. ಈ ಲೇಖನದಲ್ಲಿ ಪೆಟ್ಟಿಗೆಗೆ ಕ್ಯಾಬಿನೆಟ್ ಎಂದೂ, ಮದರ್‌ಬೋರ್ಡಿನ ಮೇಲೆ ಕೂತ ಪ್ರೊಸೆಸರಿಗೆ ಮಾತ್ರ ಸಿಪಿಯು ಎಂದೂ ಹೇಳಲಾಗಿದೆ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಅಳತೆ

ಕೋಣೆಯ ಉಷ್ಣತೆ ಬರೆದಿಟ್ಟುಕೊಳ್ಳಿ. ಗೋಡೆಗೆ ತೂಗುಹಾಕುವ ಸಾದಾ ಥರ್ಮಾಮೀಟರ್ ಸಾಕು. ಅದನ್ನು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಗಾಳಿ ಒಳಹೋಗುವ ಜಾಗದ ಹತ್ತಿರವೇ ಇಡಿ. ಆಮೇಲೆ ವಿಂಡೋಸ್ ಇದ್ದರೆ ಎಚ್‌ಡಬ್ಲ್ಯೂ ಇನ್ಫೋ ತಂತ್ರಾಂಶದಲ್ಲಿ, ಲಿನಕ್ಸ್ ಇದ್ದರೆ ಸೆನ್ಸರ್ಸ್ ಆಜ್ಞೆಯಲ್ಲಿ ಸಿಪಿಯು ಮತ್ತು ಗ್ರಾಫಿಕ್ಸ್ ಕಾರ್ಡಿನ ಉಷ್ಣತೆ ನೋಡಿ: ಸುಮ್ಮನೆ ಕೂತಾಗ ಎಷ್ಟು, ಹದಿನೈದು ನಿಮಿಷ ಭಾರದ ಕೆಲಸ ಕೊಟ್ಟಾಗ ಎಷ್ಟು. ಸಿನೆಬೆಂಚ್ ಎಂಬ ಪರೀಕ್ಷೆಯ ತಂತ್ರಾಂಶ ಓಡಿಸಬಹುದು, ಇಲ್ಲವೇ ನೀವು ದಿನಾ ಮಾಡುವ ವಿಡಿಯೊ ಎಡಿಟಿಂಗನ್ನೇ ಹಚ್ಚಬಹುದು.

ಈಗ ಸಿಪಿಯು ಉಷ್ಣತೆಯಿಂದ ಕೋಣೆಯ ಉಷ್ಣತೆಯನ್ನು ಕಳೆಯಿರಿ. ನಿಮ್ಮ ಯಂತ್ರದ ಆರೋಗ್ಯ ಹೇಳುವುದು ಈ ವ್ಯತ್ಯಾಸ. ಡಿಸೆಂಬರಿನಲ್ಲಿ ಕೋಣೆ 24 ಡಿಗ್ರಿ ಇದ್ದಾಗ ಸಿಪಿಯು 70 ತೋರಿಸಿದರೆ ವ್ಯತ್ಯಾಸ 46. ಏಪ್ರಿಲ್‌ನಲ್ಲಿ ಕೋಣೆ 37ಕ್ಕೆ ಏರಿದಾಗ ಅದೇ ಯಂತ್ರ, ಅದೇ ಕೆಲಸಕ್ಕೆ ಸುಮಾರು 83 ತೋರಿಸುತ್ತದೆ. ಯಂತ್ರ ಕೆಟ್ಟಿಲ್ಲ, ಬೇಸಿಗೆ ಬಂದಿದೆ ಅಷ್ಟೇ. ಏಪ್ರಿಲ್‌ನಲ್ಲಿ 83ರ ಬದಲು 95 ತೋರಿಸಿದರೆ ಆಗ ಎಲ್ಲೋ ಗಾಳಿ ಕಟ್ಟಿದೆ. ಎಷ್ಟೇ ಫ್ಯಾನ್ ಹಾಕಿದರೂ ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸಲು ಗಾಳಿಯಿಂದ ಆಗದು. ಇಂದಿನ ಹೆಚ್ಚಿನ ಡೆಸ್ಕ್‌ಟಾಪ್ ಸಿಪಿಯುಗಳು 90ರಿಂದ 100 ಡಿಗ್ರಿ ನಡುವಿನ ಒಂದು ಮಿತಿ ಮುಟ್ಟಿದ ಕೂಡಲೇ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಮಧ್ಯಾಹ್ನ ಕಂಪ್ಯೂಟರ್ ಸ್ಲೋ ಅನ್ನಿಸಿ ರಾತ್ರಿ ಸರಿಹೋಗುತ್ತಿದ್ದರೆ ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು.

ಇನ್ನೊಂದು ಪರೀಕ್ಷೆ ಹತ್ತು ನಿಮಿಷದ್ದು. ಭಾರದ ಕೆಲಸ ನಡೆಯುತ್ತಿರುವಾಗಲೇ ಬದಿಯ ಪತ್ರಾ ತೆಗೆದು ನೋಡಿ.

- 5 ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್ಟಿಗೆ ಗಾಳಿ ಸಾಲುತ್ತಿಲ್ಲ. ಈ ಲೇಖನದ ಕೆಲಸ ನಿಮಗೆ ಬೇಕು.
- ಒಂದೆರಡು ಡಿಗ್ರಿಯಷ್ಟೇ ಇಳಿದು, ಉಷ್ಣತೆ ಮಾತ್ರ ಜಾಸ್ತಿಯೇ ಇದ್ದರೆ ತೊಂದರೆ ಸಿಪಿಯು ಕೂಲರಿನದು: ಸಿಪಿಯುಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದೆ, ಹೀಟ್‌ಸಿಂಕ್ ಧೂಳಿನಿಂದ ಕಟ್ಟಿದೆ, ಇಲ್ಲವೇ ಕೂಲರನ್ನು ಬೋರ್ಡಿಗೆ ಹಿಡಿದ ನಾಲ್ಕು ಪುಶ್-ಪಿನ್‌ಗಳಲ್ಲಿ ಒಂದು ಬಿಟ್ಟುಕೊಂಡಿದೆ. ಕ್ಯಾಬಿನೆಟ್ ಫ್ಯಾನ್ ಎಷ್ಟು ಕೊಂಡರೂ ಇದು ಹೋಗದು.
- ಪತ್ರಾ ತೆಗೆದಾಗ ಉಷ್ಣತೆ ಏರಿದರೆ ನಿಮ್ಮ ಗಾಳಿಯ ದಾರಿ ಚೆನ್ನಾಗಿದೆ. ಪತ್ರಾ ಮುಚ್ಚಿ, ಹಾಗೇ ಬಿಡಿ.

ಗಾಳಿ ಯಾವ ಕಡೆಗೆ ಬೀಸುತ್ತದೆ, ನೋಡಿ ತಿಳಿಯುವುದು

ಫ್ಯಾನನ್ನು ಕೈಯಲ್ಲಿ ಹಿಡಿದು ಎರಡೂ ಮುಖ ನೋಡಿ. ಒಂದು ಮುಖ ಬಿಚ್ಚಿದಂತಿದೆ, ರೆಕ್ಕೆಗಳು ಅಡ್ಡಿಯಿಲ್ಲದೆ ಕಾಣುತ್ತವೆ. ಇನ್ನೊಂದು ಮುಖದಲ್ಲಿ ನಡುವಿನ ಮೋಟಾರನ್ನು ಚೌಕಟ್ಟಿಗೆ ಹಿಡಿದ ಮೂರ್ನಾಲ್ಕು ಪ್ಲಾಸ್ಟಿಕ್ ಕಡ್ಡಿಗಳಿವೆ, ವೈರು ಅಲ್ಲಿಂದಲೇ ಹೊರಡುತ್ತದೆ, ವೋಲ್ಟ್-ಆಂಪಿಯರ್ ಬರೆದ ಸ್ಟಿಕರ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಗಾಳಿ ಬಿಚ್ಚಿದ ಮುಖದಿಂದ ಒಳಹೊಕ್ಕು ಕಡ್ಡಿಗಳ ಮುಖದಿಂದ ಹೊರಬೀಳುತ್ತದೆ. ಕಡ್ಡಿಗಳು ಯಾವ ಕಡೆಗೋ ಗಾಳಿಯೂ ಆ ಕಡೆಗೆ ಎಂದು ನೆನಪಿಡಿ.

ಕೆಲವು ಫ್ಯಾನುಗಳ ಚೌಕಟ್ಟಿನ 25 ಮಿಲಿಮೀಟರ್ ದಪ್ಪದ ಅಂಚಿನ ಮೇಲೆ ಎರಡು ಪುಟ್ಟ ಬಾಣಗಳು ಅಚ್ಚಾಗಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಒಂದು ರೆಕ್ಕೆ ತಿರುಗುವ ದಿಕ್ಕು, ಮತ್ತೊಂದು ಗಾಳಿಯ ದಿಕ್ಕು. ಬಾಣ ಇದ್ದರೆ ಅದೇ ಕೊನೆಯ ಮಾತು. ಏಕೆಂದರೆ ಗಾಜಿನ ಕ್ಯಾಬಿನೆಟ್ಟಿನಲ್ಲಿ ಕಡ್ಡಿಗಳು ಕಾಣದಿರಲಿ ಎಂದು ಈಗ ತಿರುವು ರೆಕ್ಕೆಯ ಫ್ಯಾನುಗಳೂ ಬರುತ್ತಿವೆ. ಅವುಗಳಲ್ಲಿ ಗಾಳಿ ಕಡ್ಡಿಗಳ ಕಡೆಯಿಂದಲೇ ಒಳಬರುತ್ತದೆ. ಬಣ್ಣದ ದೀಪದ ಫ್ಯಾನ್ ಕೊಳ್ಳುವವರು ಅಂಗಡಿಯಲ್ಲೇ ಇದನ್ನು ಕೇಳಿಕೊಳ್ಳಬೇಕು.

ಈಗಾಗಲೇ ಕೂತಿರುವ ಫ್ಯಾನಾದರೆ ಬಿಚ್ಚಬೇಕಿಲ್ಲ. ಟಿಶ್ಯೂ ಕಾಗದದ ಬೆರಳಗಲದ ಪಟ್ಟಿ ಹರಿದು ಜಾಳಿಗೆಯ ಮುಂದೆ ಹಿಡಿಯಿರಿ. ಅಂಟಿಕೊಂಡರೆ ಒಳಗೆ, ಹಾರಿದರೆ ಹೊರಗೆ. ಬರಿಗೈ ಹಿಡಿದು ನೋಡಿದರೆ ಒಳಸೆಳೆಯುವ ಗಾಳಿ ಅಷ್ಟಾಗಿ ತಿಳಿಯುವುದಿಲ್ಲ, ಮೋಸಹೋಗುತ್ತೀರಿ.

ಎಷ್ಟು ಗಾಳಿ ಬೇಕು

ಲೆಕ್ಕ ಸರಳ. ಕಂಪ್ಯೂಟರ್ ಎಳೆಯುವ ವ್ಯಾಟನ್ನು 1.76ರಿಂದ ಗುಣಿಸಿ, ಒಳಗಿನ ಗಾಳಿ ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಾದರೆ ಒಪ್ಪುತ್ತೀರೋ ಆ ಸಂಖ್ಯೆಯಿಂದ ಭಾಗಿಸಿದರೆ ಬೇಕಾದ ಗಾಳಿ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಇಷ್ಟು ಘನ ಅಡಿ ಎಂದು ಸಿಗುತ್ತದೆ. ಫ್ಯಾನ್ ಡಬ್ಬಿಯ ಮೇಲೆ ಬರೆದಿರುವುದೂ ಇದೇ ಅಳತೆ.

ಈ 1.76 ಸಮುದ್ರಮಟ್ಟದ, ತಂಪು ಕೋಣೆಯ ಗಾಳಿಗೆ ಹೊಂದುವ ಅಂಕಿ. ಹುಬ್ಬಳ್ಳಿ, ಧಾರವಾಡ, ಗದಗ ಇರುವುದು 650ರಿಂದ 750 ಮೀಟರ್ ಎತ್ತರದಲ್ಲಿ. ಎತ್ತರ ಏರಿದಂತೆ ಗಾಳಿ ತೆಳುವಾಗುತ್ತದೆ, ಬಿಸಿಯಾದಂತೆ ಇನ್ನೂ ತೆಳುವಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಎರಡೂ ಸೇರಿದರೆ ಒಂದು ಘನ ಅಡಿ ಗಾಳಿ ಹೊತ್ತೊಯ್ಯುವ ಬಿಸಿ ಸುಮಾರು ನೂರಕ್ಕೆ 12ರಷ್ಟು ಕಡಿಮೆಯಾಗುತ್ತದೆ. ಹಾಗಾಗಿ ಬಂದ ಉತ್ತರಕ್ಕೆ ಅಷ್ಟು ಕೂಡಿಸಿಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಬಿಲ್ಲಿಂಗ್-ಟೈಪಿಂಗ್ ಮಾಡುವ ಯಂತ್ರ ತುಂಬಾ ದುಡಿದಾಗ 130 ವ್ಯಾಟ್ ಎಳೆಯುತ್ತದೆ ಎನ್ನಿ. 10 ಡಿಗ್ರಿ ಏರಿಕೆಗೆ 23, ಕೂಡಿಸಿದರೆ 26 ಸಿಎಫ್‌ಎಂ. ಗೇಮಿಂಗ್ ಅಥವಾ ಎಡಿಟಿಂಗ್ ಯಂತ್ರ 400 ವ್ಯಾಟ್ ಎಳೆದರೆ 70, ಕೂಡಿಸಿದರೆ 79. ಡಬ್ಬಿಯ ಮೇಲೆ 60 ಎಂದು ಬರೆದ ಫ್ಯಾನ್ ಬಯಲಲ್ಲಿ ಅಷ್ಟು ಕೊಡುತ್ತದೆ. ಜಾಳಿಗೆ, ಗ್ರಿಲ್ ಅಡ್ಡ ಬಂದ ಮೇಲೆ ಅರ್ಧದಷ್ಟೇ ಸಿಗುತ್ತದೆಂದು ಎಣಿಸುವುದು ಕ್ಷೇಮ. ಹಾಗೆ ನೋಡಿದರೆ ಮೊದಲನೆಯದಕ್ಕೆ ಒಳಗೆಳೆಯುವ ಒಂದು ಫ್ಯಾನ್ ಸಾಕು, ಎರಡನೆಯದಕ್ಕೆ ಮೂರು ಬೇಕು. ಆರೇಳು ಫ್ಯಾನ್ ತುಂಬಿಸುವುದರಿಂದ ಸದ್ದು ಮತ್ತು ಧೂಳು ಹೆಚ್ಚುತ್ತವೆ, ಉಷ್ಣತೆ ಅಷ್ಟೇನೂ ಇಳಿಯುವುದಿಲ್ಲ.

ಕೂರಿಸುವ ಜಾಗ, ದಿಕ್ಕು

ಮಾಳಿಗೆ ಮನೆಯ ಬೆಳಕಿಂಡಿ ಅಡುಗೆ ಹೊಗೆಯನ್ನು ಮೇಲಕ್ಕೆ ಸೆಳೆಯುವುದನ್ನು ಕಂಡವರು, ಬಿಸಿಗಾಳಿ ಮೇಲೆ ಏರುತ್ತದೆ, ಆದ್ದರಿಂದ ಫ್ಯಾನೆಲ್ಲ ಮೇಲ್ಗಡೆಯೇ ಇರಲಿ ಎನ್ನುತ್ತಾರೆ. ಮನೆಗೆ ಅದು ಸರಿ. ಕ್ಯಾಬಿನೆಟ್ಟಿನ ಒಂದೂವರೆ ಅಡಿ ಎತ್ತರದಲ್ಲಿ ಬಿಸಿಗಾಳಿ ತಾನಾಗಿ ಏರುವ ಬಲ ತೀರ ಸಣ್ಣದು, ನಿಧಾನವಾಗಿ ತಿರುಗುವ ಫ್ಯಾನ್ ಕೂಡ ಅದನ್ನು ಸುಲಭವಾಗಿ ಮೀರುತ್ತದೆ. ಅದಕ್ಕೇ ಇಲ್ಲಿ ಮುಖ್ಯವಾಗುವುದು ಒಂದೇ ನೇರ ದಾರಿ: ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ.

ಒಂದೇ ಫ್ಯಾನ್ ಇದ್ದರೆ ಅದನ್ನು ಹಿಂಭಾಗದಲ್ಲಿ ಹೊರಹಾಕಲು ಕೂರಿಸುವುದು ವಾಡಿಕೆ. ಬಿಸಿ ಹೋಗುವ ಮಟ್ಟಿಗೆ ಅದು ತಪ್ಪಲ್ಲ. ಆದರೆ ಹಿಂದಿನಿಂದ ಎಳೆದಾಗ ಒಳಗೆ ಒತ್ತಡ ಕಡಿಮೆಯಾಗಿ, ಯುಎಸ್‌ಬಿ ರಂಧ್ರದಿಂದ ಹಿಡಿದು ಹಿಂಭಾಗದ ಪಿಸಿಐ ಸ್ಲಾಟಿನ (ಕಾರ್ಡು ಸೇರಿಸುವ ಜಾಗದ) ಸಂದಿನವರೆಗೆ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಜಾಳಿಗೆಯಿಲ್ಲದೆ ಗಾಳಿ ನುಗ್ಗುತ್ತದೆ, ಜೊತೆಗೆ ಧೂಳು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾದಾ ಯಂತ್ರಕ್ಕೆ, ಮುಂಭಾಗದಲ್ಲಿ ಜಾಳಿಗೆ ಇದ್ದರೆ, ಆ ಒಂದೇ ಫ್ಯಾನನ್ನು ಮುಂದೆ ಒಳಮುಖವಾಗಿ ಕೂರಿಸುವುದೇ ನಮ್ಮ ಕಡೆಗೆ ಒಳ್ಳೆಯದು. ಒತ್ತಿದ ಗಾಳಿ ಹಿಂದಿನ ಗ್ರಿಲ್‌ನಿಂದ ತಾನೇ ದಾರಿ ಮಾಡಿಕೊಂಡು ಹೋಗುತ್ತದೆ.

ಎರಡಾದರೆ ಮುಂದೆ ಒಂದು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಮುಂದಿನದಕ್ಕೆ ಜಾಳಿಗೆ ಇರುವುದರಿಂದ ಅದು ಹಿಂದಿನದಕ್ಕಿಂತ ಕಡಿಮೆ ಗಾಳಿ ಕೊಡುತ್ತದೆ. ಲೆಕ್ಕ ಒಂದಕ್ಕೊಂದು ಸರಿ ಎನ್ನಿಸಿದರೂ ಒಳಗಿನ ಒತ್ತಡ ಕಡಿಮೆಯೇ ಆಗಿಬಿಡುತ್ತದೆ. ಸರಿದೂಗಿಸಲು ಹಿಂದಿನ ಫ್ಯಾನಿನ ವೇಗವನ್ನು ಕಾಲುಭಾಗ ತಗ್ಗಿಸಿ.

ಮೂರಾದರೆ ಮುಂದೆ ಎರಡು, ಹಿಂದೆ ಒಂದು. ಹೆಚ್ಚಿನವರಿಗೆ ಇಲ್ಲಿಗೆ ನಿಲ್ಲಿಸುವುದೇ ಜಾಣತನ. ಮುಂದಿನ ಎರಡರಲ್ಲಿ ಕೆಳಗಿನದು ಗ್ರಾಫಿಕ್ಸ್ ಕಾರ್ಡಿಗೆ, ಮೇಲಿನದು ಸಿಪಿಯು ಕೂಲರಿಗೆ ನೇರ ಗಾಳಿ ಕೊಡುವಂತೆ ಎತ್ತರ ಹೊಂದಿಸಿ.

ನಾಲ್ಕನೆಯದು ಬೇಕೇಬೇಕೆಂದರೆ ಮುಂದೆ ಮೂರನೇ ಜಾಗವಿದ್ದರೆ ಅಲ್ಲಿಗೆ ಒಳಮುಖವಾಗಿ ಹಾಕಿ. ಮೇಲ್ಗಡೆ ಹಾಕುವುದಾದರೆ ತೀರ ಹಿಂದಿನ ಜಾಗಕ್ಕೆ ಮಾತ್ರ, ಹೊರಮುಖವಾಗಿ. ಮೇಲ್ಗಡೆ ಮುಂದಿನ ಜಾಗಕ್ಕೆ ಹೊರಮುಖದ ಫ್ಯಾನ್ ಹಾಕುವುದು ತುಂಬಾ ಸಾಮಾನ್ಯವಾದ ತಪ್ಪು. ಮುಂದಿನಿಂದ ಆಗತಾನೆ ಬಂದ ತಂಪುಗಾಳಿಯನ್ನು ಅದು ಸಿಪಿಯು ಮುಟ್ಟುವ ಮೊದಲೇ ಕಸಿದು ಹೊರಗೆಸೆಯುತ್ತದೆ. ಮೇಲ್ಗಡೆ ಒಳಮುಖವಾಗಿಯೂ ಬೇಡ: ಧೂಳು ಕೂರುವ ಜಾಗವೇ ಅದು. ಬಳಸದ ಮೇಲಿನ ಜಾಳಿಗೆಯನ್ನು ದಪ್ಪ ರಟ್ಟು ಕತ್ತರಿಸಿ ಒಳಗಿನಿಂದ ಮುಚ್ಚಿಬಿಡಿ.

ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟು ಕೊಡುವ ಡಬ್ಬಿ, ಕೂಡ ಲೆಕ್ಕಕ್ಕೆ ಸೇರುತ್ತದೆ. ಹಳೇ ಕ್ಯಾಬಿನೆಟ್ಟುಗಳಲ್ಲಿ ಅದು ಮೇಲ್ಗಡೆ ಕೂತು, ಒಳಗಿನ ಬಿಸಿಗಾಳಿಯನ್ನೇ ಎಳೆದು ಹಿಂದಕ್ಕೆ ಬಿಡುತ್ತದೆ, ಅಂದರೆ ಹೊರಮುಖದ ಇನ್ನೊಂದು ಫ್ಯಾನ್ ಇದ್ದಂತೆ. ಅಂಥದರಲ್ಲಿ ಹಿಂದೆಯೂ ಒಂದು ಫ್ಯಾನ್ ಇದ್ದರೆ ಹೊರಮುಖದವು ಆಗಲೇ ಎರಡಾದವು, ಮುಂದೆ ಕನಿಷ್ಠ ಎರಡು ಒಳಮುಖದವು ಬೇಕು. ಹೊಸ ಕ್ಯಾಬಿನೆಟ್ಟುಗಳಲ್ಲಿ ಎಸ್‌ಎಂಪಿಎಸ್ ಕೆಳಗಿರುತ್ತದೆ. ತಳದಲ್ಲಿ ಜಾಳಿಗೆ ಇದ್ದು, ಕಾಲುಗಳು ಎತ್ತರವಾಗಿದ್ದು, ಗಟ್ಟಿ ನೆಲದ ಮೇಲಿದ್ದರೆ ಫ್ಯಾನ್ ಕೆಳಮುಖವಾಗಿರಲಿ. ಜಮಖಾನೆಯ ಮೇಲೆ ಇಡುವವರು, ತಳದಲ್ಲಿ ಜಾಳಿಗೆ ಇಲ್ಲದವರು ಮೇಲ್ಮುಖ ಮಾಡಬೇಕು. ಎಸ್‌ಎಂಪಿಎಸ್ ಅನ್ನು ಮಾತ್ರ ಎಂದೂ ಬಿಚ್ಚಬೇಡಿ. ವೈರ್ ಕಿತ್ತಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವಕ್ಕೆ ಕುತ್ತು ತರುವಷ್ಟು ವಿದ್ಯುತ್ ಉಳಿದಿರಬಹುದು.

ಸಿಪಿಯು ಕೂಲರ್ ಗೋಪುರದಂತೆ ನಿಂತ ಬಗೆಯದಾದರೆ ಅದರ ಫ್ಯಾನ್ ಮುಂಭಾಗದಲ್ಲಿದ್ದು, ಕ್ಯಾಬಿನೆಟ್ಟಿನ ಹಿಂದಿನ ಫ್ಯಾನಿನ ಕಡೆಗೆ ಊದಬೇಕು. ಇದು ತಿರುವುಮುರುವಾದರೆ ಕೂಲರ್ ಮತ್ತು ಹಿಂದಿನ ಫ್ಯಾನ್ ಎರಡೂ ಒಂದೇ ಗಾಳಿಗಾಗಿ ಎದುರುಬದುರು ಎಳೆದಾಡುತ್ತವೆ. ಸಿಪಿಯು ಜೊತೆ ಬರುವ ಚಪ್ಪಟೆ ಕೂಲರ್ ಹೀಟ್‌ಸಿಂಕಿನ ಮೇಲೆ ಕೆಳಮುಖವಾಗಿ ಊದುತ್ತದೆ, ಅದನ್ನು ಬದಲಿಸಬೇಡಿ. ಸುತ್ತಲಿನ ವಿದ್ಯುತ್ ಭಾಗಗಳಿಗೂ ಅದೇ ಗಾಳಿ ಸಿಗುತ್ತದೆ. ಸಿಪಿಯುವನ್ನು ನೀರಿನಿಂದ ತಂಪಾಗಿಸುವ ಕೂಲರ್ ಇದ್ದವರು ರೇಡಿಯೇಟರನ್ನು ಮೇಲ್ಗಡೆ ಹೊರಮುಖವಾಗಿ ಕೂರಿಸಿ, ಮುಂದಿನಿಂದ ಹೆಚ್ಚು ಗಾಳಿ ಒಳಬಿಡಲಿ. ರೇಡಿಯೇಟರಿನ ಮೇಲ್ತುದಿ ಯಾವಾಗಲೂ ಪಂಪಿಗಿಂತ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಗಾಳಿಗುಳ್ಳೆ ಪಂಪಿನಲ್ಲಿ ಸೇರಿ ಗುಳುಗುಳು ಸದ್ದು ಬರುತ್ತದೆ, ಪಂಪು ಬೇಗ ಸವೆಯುತ್ತದೆ.

ಫ್ಯಾನ್ ಕೊಳ್ಳುವಾಗ

ಅಳತೆ ಗೊತ್ತಿಲ್ಲದಿದ್ದರೆ ಸ್ಕ್ರೂ ತೂತುಗಳ ನಡುವಿನ ದೂರ ಅಳೆಯಿರಿ: 105 ಮಿಲಿಮೀಟರ್ ಇದ್ದರೆ 120ರ ಫ್ಯಾನ್, 124.5 ಇದ್ದರೆ 140ರದ್ದು, 82.5 ಇದ್ದರೆ 92ರದ್ದು, 71.5 ಇದ್ದರೆ 80ರದ್ದು. ದೊಡ್ಡದು ಹಿಡಿಸುವುದಾದರೆ ದೊಡ್ಡದನ್ನೇ ಹಾಕಿ, ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿ ಕೊಡುತ್ತದೆ. ಜಾಳಿಗೆಯ ಹಿಂದೆ ಕೂರುವ ಫ್ಯಾನಿಗೆ ಸಿಎಫ್‌ಎಂಗಿಂತ ಸ್ಟ್ಯಾಟಿಕ್ ಪ್ರೆಶರ್ ಮುಖ್ಯ, ಅಂದರೆ ಅಡ್ಡಿಯ ಎದುರು ತಳ್ಳುವ ಬಲ. ಡಬ್ಬಿಯ ಮೇಲೆ ಮಿಲಿಮೀಟರ್ ನೀರಿನ ಲೆಕ್ಕದಲ್ಲಿ ಬರೆದಿರುತ್ತದೆ. ಎರಡು ಫ್ಯಾನುಗಳಲ್ಲಿ ಇದು ಹೆಚ್ಚಿರುವುದು ಮುಂದಕ್ಕೆ, ಸಿಎಫ್‌ಎಂ ಹೆಚ್ಚಿರುವುದು ಹಿಂದಕ್ಕೆ. ಬೇರಿಂಗ್ ಸ್ಲೀವ್ ಬಗೆಯದಿದ್ದರೆ ಬಿಸಿಗೆ ಎಣ್ಣೆ ಒಣಗಿ ಬೇಗ ಕಿರಗುಟ್ಟುತ್ತದೆ, ಅಡ್ಡಡ್ಡ ಮಲಗಿಸಿದರಂತೂ ಇನ್ನೂ ಬೇಗ. ಫ್ಲೂಯಿಡ್ ಅಥವಾ ಬಾಲ್ ಬೇರಿಂಗ್ ಕೇಳಿ ತನ್ನಿ.

ಪಿನ್ ನೋಡದೆ ಕೊಳ್ಳಬೇಡಿ. ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನ್, ಅಂದರೆ ನಾಲ್ಕನೇ ಪಿನ್ನಿನ ಸಂಕೇತದಿಂದ ವೇಗ ಬದಲಿಸುವಂಥದು, ಎಲ್ಲಕ್ಕಿಂತ ಅನುಕೂಲ. ಮೂರು ಪಿನ್ನಿನದೂ ನಡೆಯುತ್ತದೆ, ಮದರ್‌ಬೋರ್ಡಿನ ನಾಲ್ಕು ಪಿನ್ನಿನ ಹೆಡರಿಗೆ, ಅಂದರೆ ಫ್ಯಾನ್ ವೈರು ಸಿಗಿಸುವ ಜಾಗಕ್ಕೆ, ಅದು ಹೊಂದುತ್ತದೆ. ಎಸ್‌ಎಂಪಿಎಸ್‌ನ ದಪ್ಪ ಮೊಲೆಕ್ಸ್ ಪ್ಲಗ್ಗಿಗೆ ಸಿಗಿಸುವ ಬಗೆಯಲ್ಲಿ ವೇಗ ನಿಯಂತ್ರಣ ಇರುವುದೇ ಇಲ್ಲ, ಹಗಲು ರಾತ್ರಿ ಪೂರ್ತಿ ವೇಗ. ಕಡಿಮೆ ಬೆಲೆಯ ಬಣ್ಣದ ದೀಪದ ಕ್ಯಾಬಿನೆಟ್ಟುಗಳ ಜೊತೆ ಬರುವ ಎಷ್ಟೋ ಫ್ಯಾನುಗಳು ಇಂಥವೇ.

ಜೋಡಿಸುವ ಕ್ರಮ

1. ಶಟ್‌ಡೌನ್ ಮಾಡಿ, ಯುಪಿಎಸ್‌ನಿಂದ ವೈರ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟು ಇಳಿದುಹೋಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಗಾಜಿನ ಬಾಗಿಲಾದರೆ ಮಂಚದ ಮೇಲೋ ಹಾಸಿಗೆಯ ಮೇಲೋ ಇಡಿ. ಫರಸಿ ನೆಲದ ಮೇಲೆ ಮೂಲೆ ತಾಗಿದರೆ ಟೆಂಪರ್ಡ್ ಗಾಜು ಒಂದೇ ಏಟಿಗೆ ಪುಡಿಪುಡಿ.

2. ಮುಂಭಾಗದ ಪ್ಲಾಸ್ಟಿಕ್ ಮುಖವನ್ನು ಕೆಳಗಿನಿಂದ ಹಿಡಿದು ಎಳೆದರೆ ಬಿಡುತ್ತದೆ. ಕೆಲವದರಲ್ಲಿ ಪವರ್ ಬಟನ್ ವೈರುಗಳು ಅದಕ್ಕೇ ಅಂಟಿರುತ್ತವೆ, ಜೋರಾಗಿ ಜಗ್ಗಬೇಡಿ.

3. ಫ್ಯಾನನ್ನು ಜಾಗಕ್ಕೆ ಹಿಡಿದು ದಿಕ್ಕನ್ನು ಇನ್ನೊಮ್ಮೆ ನೋಡಿ. ಮುಂದಿನವುಗಳ ಕಡ್ಡಿಗಳು ಕ್ಯಾಬಿನೆಟ್ಟಿನ ಒಳಗೆ ನಿಂತು ನೋಡಿದರೆ ಕಾಣಬೇಕು, ಹಿಂದಿನದರ ಕಡ್ಡಿಗಳು ಹೊರಗೆ ನಿಂತು ನೋಡಿದರೆ. ನಾಲ್ಕೂ ಸ್ಕ್ರೂ ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಅತಿಯಾಗಿ ಬಿಗಿದರೆ ಚೌಕಟ್ಟು ಬಿರುಕು ಬಿಡುತ್ತದೆ, ಇಲ್ಲವೇ ಡೊಂಕಾಗಿ ರೆಕ್ಕೆ ಉಜ್ಜುತ್ತದೆ.

4. ಸಿಪಿಯು ಕೂಲರಿನ ವೈರು ಮದರ್‌ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಬರೆದ ಹೆಡರಿಗೇ ಹೋಗಬೇಕು. ಅದು ಖಾಲಿಯಿದ್ದರೆ ಹಲವು ಬೋರ್ಡುಗಳು ಚಾಲೂ ಆಗುವಾಗಲೇ ತಪ್ಪು ತೋರಿಸಿ ನಿಂತುಬಿಡುತ್ತವೆ. ಕ್ಯಾಬಿನೆಟ್ ಫ್ಯಾನುಗಳು ಸಿಸ್ ಫ್ಯಾನ್ (SYS_FAN) ಅಥವಾ ಚಾ ಫ್ಯಾನ್ (CHA_FAN) ಎಂದು ಬರೆದಲ್ಲಿಗೆ.

5. ಹೆಡರ್ ಕಡಿಮೆಯಿದ್ದರೆ ಸ್ಪ್ಲಿಟರ್ ವೈರ್ ಬಳಸಬಹುದು. ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್‌ವರೆಗೆ ತಾಳುತ್ತದೆ. ಫ್ಯಾನಿನ ಸ್ಟಿಕರ್ ಮೇಲಿನ ಆಂಪಿಯರ್ ಕೂಡಿಸಿ ನೋಡಿ. 0.25ರ ಮೂರು ಸೇರಿದರೆ 0.75, ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚಾದರೆ ಎಸ್‌ಎಂಪಿಎಸ್‌ನಿಂದ ನೇರ ಕರೆಂಟು ಪಡೆಯುವ ಹಬ್ ಬೇಕು. ಮಿತಿ ಮೀರಿದರೆ ಸುಡುವುದು ಮದರ್‌ಬೋರ್ಡಿನ ಹೆಡರ್.

6. ವೈರುಗಳನ್ನು ಮದರ್‌ಬೋರ್ಡ್ ತಟ್ಟೆಯ ಹಿಂದೆ ಸಾಗಿಸಿ ಕಟ್ಟಿ. ಮುಂದಿನ ಫ್ಯಾನಿನ ಎದುರಿಗೆ ಎಸ್‌ಎಂಪಿಎಸ್ ವೈರುಗಳ ಕಂತೆ ಇದ್ದರೆ ಗಾಳಿ ಅಲ್ಲೇ ನಿಲ್ಲುತ್ತದೆ. ಹಿಂದಿನ ಖಾಲಿ ಪಿಸಿಐ ಸ್ಲಾಟುಗಳಿಗೆ ಪಟ್ಟಿ ಹಾಕಿ ಮುಚ್ಚಿ. ಮಳೆಗಾಲದಲ್ಲಿ ಹಲ್ಲಿ, ಇರುವೆ ಒಳಸೇರುವುದೂ ಆ ಸಂದಿನಿಂದಲೇ.

ವೇಗ ಹೊಂದಿಸುವುದು

ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಫ್ಯಾನ್ ನಿಯಂತ್ರಣದ ಪುಟ ಇರುತ್ತದೆ. ಮೂರು ಪಿನ್ನಿನ ಫ್ಯಾನಿಗೆ ಡಿಸಿ ಮೋಡ್, ನಾಲ್ಕು ಪಿನ್ನಿನದಕ್ಕೆ ಪಿಡಬ್ಲ್ಯೂಎಂ ಮೋಡ್ ಇಡಿ. ಮೂರು ಪಿನ್ನಿನದಕ್ಕೆ ಪಿಡಬ್ಲ್ಯೂಎಂ ಇಟ್ಟರೆ ಅದು ಸದಾ ಪೂರ್ತಿ ವೇಗದಲ್ಲೇ ಓಡುತ್ತದೆ. ಹೊಸ ಫ್ಯಾನ್ ಹಾಕಿದ ದಿನದಿಂದ ವಿಪರೀತ ಸದ್ದು ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಬೋರ್ಡಿನ ಜೊತೆ ಬರುವ ವೇಗದ ರೇಖೆಯಲ್ಲಿ ಫ್ಯಾನ್ ತೀರ ಬೇಗ ಏರತೊಡಗಿದರೆ ಅದು ನಮಗೆ ಒಗ್ಗುವುದಿಲ್ಲ. ಇಲ್ಲಿ ಏಪ್ರಿಲ್‌ನಲ್ಲಿ ಸುಮ್ಮನೆ ಕೂತ ಸಿಪಿಯುವೇ 48-50 ಡಿಗ್ರಿ ತೋರಿಸಬಹುದು. ರೇಖೆ 40ರಿಂದ ಏರತೊಡಗಿದರೆ ಫ್ಯಾನಿಗೆ ವಿಶ್ರಾಂತಿಯೇ ಇಲ್ಲ. ಹೀಗೆ ಇಟ್ಟು ನೋಡಿ: 50 ಡಿಗ್ರಿವರೆಗೆ ಪೂರ್ತಿ ವೇಗದ ನೂರಕ್ಕೆ 40, 65ಕ್ಕೆ 55, 75ಕ್ಕೆ 75, 85ಕ್ಕೆ ಪೂರ್ತಿ. 30ಕ್ಕಿಂತ ಕೆಳಗೆ ಇಳಿಸಬೇಡಿ, ಕೆಲವು ಫ್ಯಾನುಗಳು ನಿಂತವು ಮತ್ತೆ ಹೊರಡುವುದಿಲ್ಲ. ಹಿಂದಿನ ಹೊರಮುಖದ ಫ್ಯಾನಿಗೆ ಪ್ರತಿ ಹಂತದಲ್ಲೂ 10-15 ಕಡಿಮೆ ಕೊಡಿ, ಆದರೆ ಅದೂ 30ಕ್ಕಿಂತ ಕೆಳಗೆ ಬೇಡ. ಪ್ರತಿಕ್ರಿಯೆಯ ವಿಳಂಬ ಎಂಬ ಆಯ್ಕೆ ಇದ್ದರೆ ಮೂರರಿಂದ ಐದು ಸೆಕೆಂಡ್ ಇಡಿ, ಬ್ರೌಸರ್ ತೆರೆದಾಗಲೆಲ್ಲ ಫ್ಯಾನ್ ಹುಯಿಲಿಡುವುದು ನಿಲ್ಲುತ್ತದೆ.

ಒತ್ತಡ ಸರಿಯಾಗಿದೆಯೇ, ಹೊಗೆಯಿಂದ ನೋಡಿ

ಪತ್ರಾ ಮುಚ್ಚಿ ಯಂತ್ರ ಚಾಲೂ ಮಾಡಿ. ಕೋಣೆಯ ಸೀಲಿಂಗ್ ಫ್ಯಾನ್ ಆರಿಸಿ, ಒಂದು ಊದಿನಕಡ್ಡಿ ಹಚ್ಚಿ. ಅದನ್ನು ಹಿಂದಿನ ಪಿಸಿಐ ಸ್ಲಾಟುಗಳ ಪಕ್ಕ, ಬೆರಳುದ್ದ ದೂರದಲ್ಲಿ ಅಲುಗಾಡದೆ ಹಿಡಿಯಿರಿ. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಸಂದಿನ ಹತ್ತಿರ ಬಂದಾಗ ಏನು ಮಾಡುತ್ತದೆಂದು ನೋಡಿ. ಎಳೆ ನಿಮ್ಮ ಕಡೆಗೆ ಬಾಗಿದರೆ ಒಳಗಿನಿಂದ ಗಾಳಿ ಸೋರುತ್ತಿದೆ, ಒಳಗಿನ ಒತ್ತಡ ಹೆಚ್ಚಿದೆ, ಸರಿಯಾಗಿದೆ. ದಾರದಂತೆ ಸಣ್ಣಗಾಗಿ ಸಂದಿನೊಳಗೆ ಜಾರಿಹೋದರೆ ಅಲ್ಲಿಂದ ಧೂಳೂ ಹಾಗೇ ಜಾರುತ್ತದೆ. ಹಿಂದಿನ ಫ್ಯಾನ್ ವೇಗ ಇನ್ನಷ್ಟು ತಗ್ಗಿಸಿ, ಇಲ್ಲವೇ ಮುಂದಿನ ಜಾಳಿಗೆ ತೊಳೆಯಿರಿ, ಮತ್ತೆ ನೋಡಿ. ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿಯಬೇಡಿ, ಹೊಗೆಯ ಜಿಡ್ಡು ಒಳಗೆ ಹೋಗಬಾರದು. ದೇವರ ಜಗಲಿಯ ಪಕ್ಕ ಕಂಪ್ಯೂಟರ್ ಇಡಬಾರದು ಎನ್ನುವುದೂ ಇದಕ್ಕೇ.

ಇಡುವ ಜಾಗ

ಟೇಬಲ್ಲಿನ ಕೆಳಗಿನ ಬಾಗಿಲಿದ್ದ ಗೂಡಿನಲ್ಲಿ ಕ್ಯಾಬಿನೆಟ್ ಇಟ್ಟರೆ ಮೇಲಿನ ಎಲ್ಲ ಕೆಲಸವೂ ವ್ಯರ್ಥ. ಹೊರಹಾಕಿದ ಬಿಸಿಗಾಳಿಯೇ ಸುತ್ತಿ ಮುಂದಿನಿಂದ ಮತ್ತೆ ಒಳಗೆ ಬರುತ್ತದೆ. ಗೂಡಿನ ಹಿಂದಿನ ಹಲಗೆ ತೆಗೆದುಬಿಡಿ, ಬಾಗಿಲನ್ನೂ. ಹಿಂದೆ ಗೋಡೆಗೆ ಒಂದು ಗೇಣು, ಮುಂದೆ ಒಂದು ಅಡಿ ಜಾಗ ಬಿಡಿ. ನೆಲದಿಂದ ಒಂದು ಗೇಣಾದರೂ ಎತ್ತರಿಸಿ: ಕಸಬರಿಗೆ ಆಡಿದಾಗ ಏಳುವ ಧೂಳು ಹೆಚ್ಚಾಗಿ ಆ ಎತ್ತರದೊಳಗೇ ಓಡಾಡುತ್ತದೆ. ಕಸ ಗುಡಿಸುವ ಬದಲು ಒದ್ದೆ ಅರಿವೆಯಿಂದ ಒರೆಸಿದರೆ ಇನ್ನೂ ಒಳ್ಳೆಯದು. ತಗಡಿನ ಶೆಡ್ಡಿನ ಅಂಗಡಿಯಲ್ಲಿ ಪಡುವಣ ಗೋಡೆಯ ಪಕ್ಕ ಬೇಡ, ಅದು ಸಂಜೆಯವರೆಗೂ ಕಾದಿರುತ್ತದೆ. ನೀರಿನ ಏರ್‌ಕೂಲರ್ ಇದ್ದರೆ ಕೋಣೆ ತಂಪಾಗುವುದು ಒಳ್ಳೆಯದೇ, ಆದರೆ ಅದರ ಬಾಯಿ ಕ್ಯಾಬಿನೆಟ್ಟಿನ ಕಡೆಗೆ ತಿರುಗಿರಬಾರದು. ಹನಿಗಳು ಹಾರಿ ಬರುತ್ತವೆ, ಒದ್ದೆ ಗಾಳಿಗೆ ಜಾಳಿಗೆಯ ಧೂಳು ಕೆಸರಿನಂತೆ ಅಂಟುತ್ತದೆ.

ಧೂಳು ತೆಗೆಯುವುದು

ನಮ್ಮ ಭಾಗದ ಧೂಳು ಎಲ್ಲ ಕಡೆ ಒಂದೇ ಅಲ್ಲ, ಅದಕ್ಕೆ ತಕ್ಕಂತೆ ಕೆಲಸವೂ ಬೇರೆ. ಗದಗ ಸುತ್ತಲಿನ ಎರೆ ಸೀಮೆಯ ಮಣ್ಣು ಬೇಸಿಗೆಯಲ್ಲಿ ಹಿಟ್ಟಿನಷ್ಟು ನುಣ್ಣಗಾಗಿ, ಸಾದಾ ಜಾಳಿಗೆಯನ್ನೂ ದಾಟುತ್ತದೆ. ಗಾಳಿ ಬೀಸುವ ದಿನಗಳಲ್ಲಿ ಕಿಟಕಿ ಮುಚ್ಚುವುದೇ ಮೊದಲ ಫಿಲ್ಟರ್. ಜಿನ್ನಿಂಗ್ ಮಿಲ್ಲುಗಳ ಹತ್ತಿರ ಹತ್ತಿಯ ಎಳೆ ಹಾರುತ್ತದೆ. ಅದಕ್ಕೆ ನೈಲಾನ್ ಸೊಳ್ಳೆಪರದೆಯ ಒಂದು ಪದರವನ್ನು ಮುಂದಿನ ಜಾಳಿಗೆಯ ಮೇಲೆ ಬಿಗಿದರೆ ಎಳೆಯೆಲ್ಲ ಅಲ್ಲೇ ನಿಲ್ಲುತ್ತದೆ, ಕೈಯಿಂದ ಸುಲಿದು ತೆಗೆಯಬಹುದು. ಸ್ಪಂಜು ಮಾತ್ರ ಹಾಕಬೇಡಿ, ಗಾಳಿಯನ್ನೇ ಕಟ್ಟಿಹಾಕುತ್ತದೆ. ಗದಗ, ಹುಬ್ಬಳ್ಳಿಯ ಮುದ್ರಣಾಲಯಗಳಲ್ಲಿ ಕಾಗದದ ಹುಡಿ ಮತ್ತು ಆಫ್‌ಸೆಟ್ ಯಂತ್ರ ಸಿಂಪಡಿಸುವ ಪುಡಿ ಸೇರುತ್ತವೆ, ಡಿಟಿಪಿ ಯಂತ್ರ ಬೇರೆ ಕೋಣೆಯಲ್ಲಿರಲಿ. ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳವರು ಜಾಳಿಗೆ ತೆಗೆಯುವಾಗ ಮೂಗು ಬಾಯಿಗೆ ಅರಿವೆ ಕಟ್ಟಿ, ಬಯಲಿನಲ್ಲಿ ಝಾಡಿಸಬೇಕು.

ಜಾಳಿಗೆಯನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಹಾಕಿ. ಒಳಗಿನ ಧೂಳು ಮೂರು ತಿಂಗಳಿಗೊಮ್ಮೆ. ಇದಕ್ಕೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಒತ್ತಡ ವಿಪರೀತ, ಜೊತೆಗೆ ಟ್ಯಾಂಕಿನ ನೀರೂ ಬರುತ್ತದೆ. ಕೈಯಲ್ಲಿ ಹಿಡಿಯುವ ಬ್ಲೋವರ್ ಅನ್ನು ಒಂದು ಅಡಿ ದೂರದಿಂದ ಬಳಸಿ. ಊದುವಾಗ ಪ್ರತಿ ಫ್ಯಾನಿನ ರೆಕ್ಕೆಯನ್ನೂ ಬೆರಳಿನಿಂದ ಹಿಡಿದಿರಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಮೋಟಾರು ಜನರೇಟರಿನಂತಾಗಿ ಬೋರ್ಡಿಗೆ ಕರೆಂಟು ಹಿಂದಿರುಗಿಸುತ್ತದೆ.

ಸಿಪಿಯು ಕೂಲರ್ ಮೇಲಿನಿಂದ ಸ್ವಚ್ಛವಾಗಿ ಕಂಡರೂ ನಂಬಬೇಡಿ. ಅದರ ಫ್ಯಾನಿನ ಕ್ಲಿಪ್ಪು ಬಿಡಿಸಿ ಎತ್ತಿ ನೋಡಿ. ಫ್ಯಾನಿಗೂ ಅಲ್ಯೂಮಿನಿಯಂ ರೆಕ್ಕೆಗಳಿಗೂ ನಡುವೆ ಕಂಬಳಿಯಂತೆ ಬೂದುಬಣ್ಣದ ಒಂದು ಪದರ ಹೆಣೆದುಕೊಂಡಿರುತ್ತದೆ. ಮೇಲಿನಿಂದ ಊದಿದರೆ ಅದು ಇನ್ನೂ ಒಳಗೆ ಸೇರುತ್ತದೆ. ಮೊದಲು ಬೆರಳಿನಿಂದ ಅಥವಾ ಹಳೇ ಟೂತ್‌ಬ್ರಶ್ಶಿನಿಂದ ಪದರವನ್ನು ಇಡಿಯಾಗಿ ಸುಲಿದು ತೆಗೆದು, ಆಮೇಲೆ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ, ಅಂದರೆ ಹಿಂದಿನಿಂದ ಮುಂದಕ್ಕೆ ಊದಿ. ಕೂಲರನ್ನೇ ಕಿತ್ತರೆ ಹಳೇ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಚ್ಚಲೇಬೇಕು, ಒಮ್ಮೆ ಬಿಟ್ಟ ಪೇಸ್ಟ್ ಮತ್ತೆ ಸರಿಯಾಗಿ ಕೂರುವುದಿಲ್ಲ.

ಎಲ್ಲ ಮುಗಿದ ಮೇಲೆ ಮೊದಲು ಮಾಡಿದ ಅದೇ ಹದಿನೈದು ನಿಮಿಷದ ಪರೀಕ್ಷೆ ಮಾಡಿ, ತಾರೀಖು, ಕೋಣೆಯ ಉಷ್ಣತೆ, ಸಿಪಿಯು ಉಷ್ಣತೆ, ವ್ಯತ್ಯಾಸ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಬದಿಯ ಪತ್ರಾದ ಒಳಮೈಗೆ ಅಂಟಿಸಿ. ಮುಂದಿನ ಮಾರ್ಚ್ ಮೊದಲ ವಾರ ಮತ್ತೆ ಅಳೆದಾಗ ವ್ಯತ್ಯಾಸ 5 ಡಿಗ್ರಿಗಿಂತ ಹೆಚ್ಚು ಬೆಳೆದಿದ್ದರೆ ಏಪ್ರಿಲ್ ಬರುವ ಮೊದಲೇ ಆ ಪತ್ರಾ ಬಿಚ್ಚಿ, ಮೊದಲು ಜಾಳಿಗೆ, ಆಮೇಲೆ ಕೂಲರ್ ನೋಡಿ.